ಆನ್‌ಲೈನ್ ತರಬೇತಿಯೋ, ತರಗತಿಯೋ: ಎರಡರಲ್ಲೂ ಕೂತವರ ಲೆಕ್ಕ

ಎಕ್ಸೆಲ್ ಮತ್ತು ಗ್ರಾಹಕರ ದೂರು ನಿಭಾಯಿಸುವುದು, ಈ ಎರಡನ್ನೂ ಕಚೇರಿಯವರು ನನಗೆ ಮೊದಲು ತರಗತಿಯಲ್ಲಿ, ಆಮೇಲೆ ಆನ್‌ಲೈನ್‌ನಲ್ಲಿ ಕಲಿಸಿದರು. ಯಾವುದು ಮೇಲು ಎಂದು ಕೇಳುವವರಿಗೆ ನಾನು ತಿರುಗಿ ಕೇಳುವುದು: ಕಲಿಯಬೇಕಾದದ್ದು ಏನು?

ಎಕ್ಸೆಲ್ ವಿಷಯದಲ್ಲಿ ಆನ್‌ಲೈನ್‌ಗೇ ನನ್ನ ಮತ. ತರಗತಿಯಲ್ಲಿ ಒಬ್ಬರಿಗೆ ಸೂತ್ರ ಬರೆಯುವುದೇ ಹೊಸದು, ಪಕ್ಕದವರು ಪಿವೋಟ್ ಟೇಬಲ್‌ನಂಥ ಮುಂದಿನ ಪಾಠವನ್ನೂ ಮುಗಿಸಿ ಮೊಬೈಲ್ ನೋಡುತ್ತಿರುತ್ತಾರೆ. ತರಬೇತುದಾರರು ನಡುವಿನ ವೇಗ ಹಿಡಿದರೆ ಅದು ಇಬ್ಬರಿಗೂ ಒಗ್ಗುವುದಿಲ್ಲ. ವಿಡಿಯೊದಲ್ಲಿ ಗೊತ್ತಿದ್ದದ್ದನ್ನು ಹಾರಿಸಿ, ವಿಲುಕಪ್ (VLOOKUP, ಬೇಕಾದ ಮಾಹಿತಿಯನ್ನು ಇನ್ನೊಂದು ಪಟ್ಟಿಯಿಂದ ಹುಡುಕಿ ತರುವ ಸೂತ್ರ) ಭಾಗವನ್ನು ಮತ್ತೆ ಮತ್ತೆ ನೋಡಿದೆ. ನಿಜವಾದ ಲಾಭ ಸಿಕ್ಕಿದ್ದು ಆಮೇಲೆ. ತಿಂಗಳ ವರದಿ ಮಾಡುವಾಗ ಸೂತ್ರ ಎನ್‌ಎ, ಅಂದರೆ ಹುಡುಕಿದ್ದು ಸಿಗಲಿಲ್ಲ, ಎಂದು ಹಟ ಹಿಡಿಯಿತು. ಅದೇ ಪಾಠ ತೆರೆದು ನೋಡಿದರೆ ಕಾರಣ ಅಲ್ಲೇ ಇತ್ತು: ಒಂದು ಹಾಳೆಯಲ್ಲಿ ಸಂಖ್ಯೆಗಳು ಪಠ್ಯದ ರೂಪದಲ್ಲಿ ಉಳಿದಿದ್ದವು. ಬೇಕಾದ ಹೊತ್ತಿಗೆ ತರಗತಿಯನ್ನು ಹೀಗೆ ಮತ್ತೆ ತೆರೆಯಲಾಗದು.

ದೂರಿನ ವಿಷಯದಲ್ಲಿ ಕತೆಯೇ ಬೇರೆ. ಆನ್‌ಲೈನ್ ಪಾಠದಲ್ಲಿ ಸಿಟ್ಟಾದ ಗ್ರಾಹಕರ ಚಿತ್ರ, ಕೆಳಗೆ ನಾಲ್ಕು ಉತ್ತರ. ಅತ್ಯಂತ ವಿನಯದ ವಾಕ್ಯವೇ ಸರಿಯುತ್ತರ ಎಂದು ತಿಳಿಯಲು ಪಾಠ ಓದಬೇಕಿಲ್ಲ. ತರಗತಿಯಲ್ಲಿ ಸಹೋದ್ಯೋಗಿಯೊಬ್ಬರು ಗ್ರಾಹಕರಾಗಿ ಕೂಗಾಡಿದರು. ಎದುರು ಕೂತವರು ತಡವರಿಸುತ್ತಿದ್ದಾಗ ತರಬೇತುದಾರರು ಮಧ್ಯೆ ತಡೆದು, "ಆಗಿನಿಂದ ಕ್ಷಮೆ ಕೇಳ್ತಾನೇ ಇದ್ದೀರಿ, ಯಾವ ಆರ್ಡರ್ ಅಂತ ಇನ್ನೂ ಕೇಳಿಲ್ಲವಲ್ಲ!" ಎಂದರು. ಎಲ್ಲರೂ ನಕ್ಕೆವು. ಮರುಸುತ್ತಿನಲ್ಲಿ ಎಲ್ಲರ ಬಾಯಲ್ಲೂ ಮೊದಲು ಬಂದದ್ದು ಆರ್ಡರ್ ಸಂಖ್ಯೆಯ ಪ್ರಶ್ನೆ.

ಇನ್ನು, ನಿಗದಿತ ಹೊತ್ತಿಗೆ ನೇರವಾಗಿ ನಡೆಯುವ ಆನ್‌ಲೈನ್ ತರಗತಿ. ನನ್ನ ಮಟ್ಟಿಗೆ ಅದು ಎರಡರ ಕೊರತೆಗಳನ್ನೂ ಒಟ್ಟಿಗೆ ತಂದಿತು. ಹಿಂದಕ್ಕೆ ಎಳೆದು ನೋಡುವಂತಿಲ್ಲ, ಕ್ಯಾಮೆರಾ ಆಫ್ ಆದ ಮೇಲೆ ಎದುರು ಯಾರೂ ಇಲ್ಲ.

ಸಂಶೋಧಕಿ ಟ್ರೇಸಿ ಸಿಟ್ಜ್‌ಮನ್ ಮತ್ತು ಸಂಗಡಿಗರು ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಮಾಹಿತಿ ತಿಳಿಯುವುದರಲ್ಲಿ ಆನ್‌ಲೈನ್ ಶೇ 6ರಷ್ಟು ಮುಂದಿತ್ತು, ಕೆಲಸ ಮಾಡುವ ವಿಧಾನ ಕಲಿಯುವುದರಲ್ಲಿ ಎರಡೂ ಸಮ. ಕಲಿಸುವ ಕ್ರಮ ಒಂದೇ ಆದಾಗ ಆ ಅಲ್ಪ ಅಂತರವೂ ಉಳಿಯಲಿಲ್ಲ. ನನ್ನ ಅನುಭವಕ್ಕೆ ಇದು ತಾಳೆಯಾಗುತ್ತದೆ. ದೂರಿನ ಪಾಠ ಸೋತದ್ದು ಪರದೆಯಿಂದಲ್ಲ, ಮಾಡಿಸಿ ತಿದ್ದುವವರು ಇಲ್ಲದ್ದರಿಂದ. ವಿಡಿಯೊ ಕರೆಯಲ್ಲಿ ಇಬ್ಬಿಬ್ಬರನ್ನೇ ಕೂರಿಸಿ ತಿದ್ದಿದ್ದರೆ ಫಲ ಬೇರೆಯಿರುತ್ತಿತ್ತೋ ಏನೋ. ಹಾಗೆಯೇ, ದಿನವಿಡೀ ಸ್ಲೈಡ್ ಓದಿ ಹೇಳುವ ತರಗತಿಗೆ ಕೊಠಡಿ ಯಾಕೆ ಬೇಕು?

ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಹಂತ ಹೇಳಿದರು: ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಸಂಸ್ಥೆಗೆ ಫಲ ಬಂತೇ. ತರಗತಿ ಮುಗಿದ ಕೂಡಲೇ ಕೈಗಿಡುವ ಅಭಿಪ್ರಾಯದ ಫಾರ್ಮ್ ಮೊದಲ ಹಂತ ದಾಟುವುದಿಲ್ಲ. ಆನ್‌ಲೈನ್‌ನ ಹಸಿರು ಟಿಕ್ ಅಂತೂ ಅಲ್ಲಿಗೂ ಮುಟ್ಟುವುದಿಲ್ಲ, ಪಾಠ ಓಡಿತು ಎಂದಷ್ಟೇ ಹೇಳುತ್ತದೆ.

ತರಗತಿಗೆ ಇನ್ನೊಂದು ಅನುಕೂಲವಿದೆ, ಅದು ಕಲಿಕೆಯದ್ದಲ್ಲ. ತರಗತಿಗೆ ಹೋದವರನ್ನು ಅಂದು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಆನ್‌ಲೈನ್ ಪಾಠಕ್ಕೆ ಮಾತ್ರ "ಬಿಡುವಾದಾಗ ಮುಗಿಸಿ" ಎಂಬ ಮೇಲ್ ಬರುತ್ತದೆ. ಆನ್‌ಲೈನ್ ತರಬೇತಿ ಕೊಡಿಸುವ ಮ್ಯಾನೇಜರ್ ಬಳಿ ನಾನು ಈಗ ಮೊದಲು ಕೇಳುವುದು, ಕ್ಯಾಲೆಂಡರಿನಲ್ಲಿ ಅದಕ್ಕೆ ಯಾವ ಹೊತ್ತು ಬಿಟ್ಟಿದ್ದೀರಿ ಎಂದು.