ಲಾಠಿ ಹುಡುಕೋಕೆ ತಗೊಂಡ ಪುಸ್ತಕ, 5ಕ್ಕೆ 3 ಸ್ಟಾರ್

ಮೊದ್ಲೇ ಹೇಳ್ಬಿಡ್ತೀನಿ, ನಾನು ಲಾಯರ್ ಅಲ್ಲ, ಜೆರಾಕ್ಸ್ ಅಂಗಡಿ ಇಟ್ಕೊಂಡಿರೋನು. ಹೋದ ಸಲ ಗಣೇಶನ ಮೆರವಣಿಗೇಲಿ ನಮ್ಮಕ್ಕನ ಮಗನಿಗೆ ಮೀನಖಂಡದ ಮೇಲೆ ಎರಡು ಲಾಠಿ ಏಟು ಬಿತ್ತು, ಒಂದು ವಾರ ಕುಂಟ್ಕೊಂಡೇ ಓಡಾಡ್ದ, ಅವನೇನು ಸಾಚಾ ಅಂತ ನಾನು ಹೇಳಲ್ಲ, ಡಿಜೆ ಮುಂದೆ ಕುಣೀತಿದ್ದ, ಆದ್ರೆ "ಮಾವ, ಇವ್ರಿಗೆ ಹೊಡಿಯೋ ಪವರ್ ಯಾವ ಸೆಕ್ಷನ್‌ನಲ್ಲಿ ಕೊಟ್ಟಿದಾರೆ?" ಅಂತ ಕೇಳ್ದಾಗ ನನ್ನತ್ರ ಉತ್ತರ ಇರ್ಲಿಲ್ಲ. ಅದಕ್ಕೇ ಕೋರ್ಟ್ ಎದುರಿನ ಅಂಗಡೀಲಿ ಈ ಪುಸ್ತಕ ತಗೊಂಡೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದ್ರೆ ಅರೆಸ್ಟು, ತನಿಖೆ, ಕೋರ್ಟ್ ವಿಚಾರಣೆ ಎಲ್ಲಾ ಹೇಗೆ ನಡೀಬೇಕು ಅಂತ ಹೇಳೋ ಕಾನೂನು, ಕನ್ನಡ ಇಂಗ್ಲಿಷ್ ಎರಡೂ ಇರೋ ಪಾಕೆಟ್ ಸೈಜ್, 220 ರೂಪಾಯಿ, ಚೌಕಾಸಿ ಮಾಡಿದ್ಮೇಲೆ 200. ಹಳೇ ಸಿಆರ್‌ಪಿಸಿ ಜಾಗಕ್ಕೆ 2024ರ ಜುಲೈ 1ರಿಂದ ಬಂದಿರೋದು ಇದೇ.

ಹಿಂದ್ಗಡೆ ಪದಸೂಚೀಲಿ 'ಲ' ತೆಗೆದು ಲಾಠಿ ಹುಡುಕಿದೆ, ಇಲ್ಲ. ಪ್ರಿಂಟ್ ಮಾಡಿದೋರ್ನ ಬೈಕೊಂಡೆ, ಆಮೇಲೆ ಗೊತ್ತಾಯ್ತು, ಕಾನೂನಲ್ಲೇ ಆ ಪದ ಇಲ್ಲ ಅಂತ. ಅಲ್ಲಿರೋದು 'ಬಲ' ಅಷ್ಟೇ. 148ನೇ ಸೆಕ್ಷನ್ ನೋಡಿ, ಹಳೇದ್ರಲ್ಲಿ ಇದು 129. ಅಕ್ರಮ ಕೂಟ ಆಗ್ಲಿ, ಶಾಂತಿ ಕದಡ್ಬಹುದು ಅನ್ನೋ ಐದು ಅಥವಾ ಹೆಚ್ಚು ಜನರ ಗುಂಪಾಗ್ಲಿ ಇದ್ರೆ ತಹಸೀಲ್ದಾರ್ ಥರದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟೋ, ಠಾಣೆ ಇನ್‌ಚಾರ್ಜ್ ಆಫೀಸರೋ, ಅವರಿಲ್ದೇ ಇದ್ರೆ ಪಿಎಸ್‌ಐಗಿಂತ ಕಮ್ಮಿ ಇಲ್ದೇ ಇರೋ ಪೊಲೀಸ್ ಅಧಿಕಾರಿನೋ ಮೊದ್ಲು ಚದುರಿ ಅಂತ ಆರ್ಡರ್ ಮಾಡ್ಬೇಕು. ಚದುರದೇ ಇದ್ರೆ, ಇಲ್ಲಾ ಚದುರಲ್ಲ ಅನ್ನೋ ಥರ ನಡ್ಕೊಂಡ್ರೆ, ಆಮೇಲೆ ಬಲ. ನಮ್ಮುಡುಗನ್ನ ಕೇಳಿದೆ, ಆರ್ಡರ್ ಮಾಡಿದ್ರೇನೋ ಅಂತ. ಡಿಜೆ ಸೌಂಡಲ್ಲಿ ದೇವರು ಬಂದು ಕರೆದಿದ್ರೂ ಕೇಳಿಸ್ತಿರ್ಲಿಲ್ಲ ಮಾವ ಅಂದ.

ಈಗ ನನ್ನ ತಲೆ ಕೆಡಿಸಿದ ವಿಷಯ. ಪಕ್ಕದ 149ನೇ ಸೆಕ್ಷನ್ ಮಿಲಿಟರಿ ಕರೆಸೋದ್ರ ಬಗ್ಗೆ. ಅದ್ರಲ್ಲಿ ಸ್ಪಷ್ಟವಾಗಿ ಬರ್ದಿದೆ, ಗುಂಪು ಚದುರಿಸೋಕೆ, ಜನರನ್ನ ಹಿಡಿಯೋಕೆ ಎಷ್ಟು ಬೇಕೋ ಅಷ್ಟೇ, ಆದಷ್ಟೂ ಕಮ್ಮಿ ಬಲ, ಆದಷ್ಟೂ ಕಮ್ಮಿ ಗಾಯ, ಕಮ್ಮಿ ಆಸ್ತಿ ನಷ್ಟ ಅಂತ. ಮಿಲಿಟರಿಯೋರಿಗೆ ಈ ಮಾತು ಹೇಳಿದ ಕಾನೂನು ಹಿಂದಿನ ಪುಟದಲ್ಲಿ ಪೊಲೀಸರಿಗೆ ಈ ಸಾಲನ್ನ ಬರೆದಿಲ್ಲ! ನಾಲ್ಕು ಸಲ ಓದಿದೆ, ಇಂಗ್ಲಿಷಲ್ಲೂ ಓದಿದೆ. ನಮ್ಮ ಅಂಗಡಿಗೆ ಬರೋ ಲಾಯರೊಬ್ರನ್ನ ಕೇಳಿದ್ರೆ, ಬರೀದೇ ಇದ್ರೂ ಕೋರ್ಟು ಅವಶ್ಯಕತೆ ಎಷ್ಟಿತ್ತು ಅಂತ್ಲೇ ನೋಡೋದು ರೀ, ಆದ್ರೆ ಅಲ್ಲಿಗೆ ಹೋಗೋದೇ ಕಷ್ಟ ಅಂದು 151 ತೋರ್ಸಿದ್ರು. ಈ ಸೆಕ್ಷನ್‌ಗಳ ಕೆಳಗೆ ಮಾಡಿದ ಕೆಲಸ ಅಂತ ಅಂದ್ಬಿಟ್ರೆ ರಾಜ್ಯ ಸರ್ಕಾರದ ಅನುಮತಿ ಇಲ್ದೆ ಪೊಲೀಸ್ನೋರ ಮೇಲೆ ಕೇಸ್ ನಡೆಸೋ ಹಾಗಿಲ್ಲವಂತೆ.

ಅರೆಸ್ಟ್ ಮಾಡುವಾಗ ಎಷ್ಟು ಕೈ ಮಾಡ್ಬಹುದು ಅನ್ನೋದು 43ರಲ್ಲಿದೆ. ತಪ್ಪಿಸ್ಕೊಳ್ಳೋಕೆ ನೋಡಿದ್ರೆ, ಬಲವಂತವಾಗಿ ತಡೆದ್ರೆ ಹಿಡಿಯೋಕೆ ಬೇಕಾದ ಎಲ್ಲಾ ದಾರಿ ಬಳಸ್ಬಹುದು, ಆದ್ರೆ ಮರಣದಂಡನೆ ಅಥವಾ ಜೀವಾವಧಿ ಆಗೋಂಥ ಅಪರಾಧದ ಆರೋಪ ಇಲ್ದೇ ಇರೋರ್ನ ಸಾಯಿಸೋ ಹಕ್ಕನ್ನ ಈ ಸೆಕ್ಷನ್ ಕೊಡಲ್ಲ. ಹಾಗಂತ ಕೊಲೆ ಆರೋಪಿ ಸಿಕ್ಕಿದ ಅಂದ್ರೆ ಗುಂಡು ಹಾರಿಸ್ಬಹುದು ಅಂತಲ್ಲ, ಅಲ್ಲೂ ಅವಶ್ಯಕತೆ ಇರ್ಲೇಬೇಕು. 46 ಒಂದೇ ಸಾಲು, ತಪ್ಪಿಸ್ಕೊಳ್ಳದ ಹಾಗೆ ತಡೆಯೋಕೆ ಬೇಕಾದ್ದಕ್ಕಿಂತ ಜಾಸ್ತಿ ಕಟ್ಟಿಹಾಕೋ ಹಾಗಿಲ್ಲ. ಕೈಕೋಳದ ಬಗ್ಗೆ ಹೊಸದಾಗಿ ಸೇರ್ಸಿದಾರೆ, ಪದೇಪದೇ ಅಪರಾಧ ಮಾಡೋರು, ಕಸ್ಟಡಿಯಿಂದ ಓಡಿಹೋಗಿದ್ದೋರು, ಕೊಲೆ, ರೇಪ್, ಆಸಿಡ್ ದಾಳಿ ಥರದ್ದು ಮಾಡಿದೋರಿಗೆ ಹಾಕ್ಬಹುದು ಅಂತ.

ಪುಸ್ತಕದ ದೊಡ್ಡ ಕೊರತೆ ಇಲ್ಲೇ. ಸುಪ್ರೀಂ ಕೋರ್ಟ್ ತೀರ್ಪುಗಳ ಬಗ್ಗೆ ಒಂದು ಅಡಿಟಿಪ್ಪಣಿನೂ ಇಲ್ಲ. ಸುಮ್‌ಸುಮ್ನೆ ಕೈಕೋಳ ಹಾಕ್ಬಾರ್ದು ಅಂತ 1980ರಲ್ಲೇ ಪ್ರೇಮ್ ಶಂಕರ್ ಶುಕ್ಲಾ ಕೇಸಲ್ಲಿ ಹೇಳಿದ್ದು, 1996ರಲ್ಲಿ ಡಿ.ಕೆ. ಬಸು ಕೇಸಲ್ಲಿ ಅರೆಸ್ಟ್ ಮೆಮೊ (ಅರೆಸ್ಟ್ ಮಾಡಿದ್ದನ್ನ ಬರೆದಿಡೋ ಕಾಗದ), ಮನೆಯೋರಿಗೆ ತಿಳಿಸೋದು, 48 ಗಂಟೆಗೊಮ್ಮೆ ಡಾಕ್ಟರ್ ಹತ್ರ ತೋರ್ಸೋದು ಕಡ್ಡಾಯ ಅಂದಿದ್ದು, ಇದ್ಯಾವುದೂ ಇಲ್ಲ. ಲಾಯರೇ ಪೆನ್ಸಿಲ್‌ನಲ್ಲಿ ಪುಟದ ಅಂಚಿಗೆ ಬರ್ಕೊಟ್ರು.

ಟಿವೀಲಿ ಬರುತ್ತಲ್ಲ, ಮಹಜರ್‌ಗೆ ಕರ್ಕೊಂಡ್ ಹೋದಾಗ ಹಲ್ಲೆ ಮಾಡಿ ಓಡೋಕೆ ಟ್ರೈ ಮಾಡ್ದ, ಆತ್ಮರಕ್ಷಣೆಗೆ ಕಾಲಿಗೆ ಗುಂಡು, ಅದನ್ನ ಹುಡುಕಿದೆ. ಆ ಆತ್ಮರಕ್ಷಣೆ ಈ ಪುಸ್ತಕದಲ್ಲಿ ಇಲ್ವೇ ಇಲ್ಲ, ಬೇರೆ ಪುಸ್ತಕ, ಯಾವುದು ಅಪರಾಧ, ಅದಕ್ಕೇನು ಶಿಕ್ಷೆ ಅಂತ ಹೇಳೋ ಭಾರತೀಯ ನ್ಯಾಯ ಸಂಹಿತೆ, ಸೆಕ್ಷನ್ 34ರಿಂದ 44. ಅಂಗಡಿಯೋನು ನಕ್ಕೊಂಡು "ಸೆಟ್ ತಗೊಳ್ಳಿ ಸಾರ್" ಅಂದ, ತಗೊಂಡೆ ಇನ್ನೇನು ಮಾಡೋದು. ತಮಾಷೆ ಏನಂದ್ರೆ ಅದು ಪೊಲೀಸರಿಗೇ ಅಂತ ಇರೋ ಹಕ್ಕಲ್ಲ, ನನಗೂ ನಿಮಗೂ ಇರೋ ಹಕ್ಕೇ, 37ರಲ್ಲಿ ಹೇಳಿರೋ ಮಿತೀನೂ ಎಲ್ರಿಗೂ ಒಂದೇ, ರಕ್ಷಣೆಗೆ ಬೇಕಾದಷ್ಟಕ್ಕಿಂತ ಜಾಸ್ತಿ ಹಾನಿ ಮಾಡೋ ಹಾಗಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಎನ್‌ಕೌಂಟರ್‌ಗಳಿಗೆ 16 ಸೂಚನೆ ಕೊಟ್ಟಿದೆ, ಎಫ್‌ಐಆರ್ ಹಾಕ್ಬೇಕು, ತನಿಖೆ ಸಿಐಡಿನೋ ಬೇರೆ ಠಾಣೆಯೋರೋ ಮಾಡ್ಬೇಕು ಅಂತೆಲ್ಲಾ, ಗಂಭೀರ ಗಾಯ ಆದ ಕೇಸ್‌ಗಳಿಗೂ ಆದಷ್ಟು ಮಟ್ಟಿಗೆ ಅದೇ ಅನ್ವಯ ಅಂತ. ಕಾಲಿಗೆ ಗುಂಡು ಅನ್ನೋ ನ್ಯೂಸ್ ಜೊತೆ ಇದನ್ನ ಯಾರಾದ್ರೂ ಓದಿ ಹೇಳಿದ್ದು ನಾನಂತೂ ಕೇಳಿಲ್ಲ.

ಕನ್ನಡ ಅನುವಾದ ಗಟ್ಟಿ ಕಡ್ಲೆ, ಬಲಗಡೆ ಇಂಗ್ಲಿಷ್ ನೋಡಿದ್ರೇನೇ ಎಡಗಡೆ ಕನ್ನಡ ಅರ್ಥ ಆಗೋದು. ಹಳೇ ಸೆಕ್ಷನ್ ನಂಬರ್‌ಗೆ ಹೊಸದು ಯಾವುದು ಅನ್ನೋ ಪಟ್ಟಿನೂ ಇಲ್ಲ, 200 ರೂಪಾಯಿಗೆ ಅಷ್ಟಾದ್ರೂ ಕೊಡ್ಬೇಕಿತ್ತು. ಬೈಂಡಿಂಗ್ ಚೆನ್ನಾಗಿದೆ, ಅಕ್ಷರ ದಪ್ಪ, ಕನ್ನಡಕ ಹಾಕೋರಿಗೂ ಓಕೆ. ತಗೊಳ್ಳೋ ಹಾಗಿದ್ರೆ ಎರಡೂ ಸಂಹಿತೆ ಒಟ್ಗೇ ತಗೊಳ್ಳಿ, ಒಂದೇ ತಗೊಂಡ್ರೆ ಅರ್ಧ ಮಾತ್ರ ಗೊತ್ತಾಗೋದು.

ಅಕ್ಕನ ಮಗ 148 ಮತ್ತೆ 149ರ ಪುಟ ಹತ್ತು ಕಾಪಿ ಜೆರಾಕ್ಸ್ ಮಾಡಿಸ್ಕೊಂಡು ಗಣೇಶನ ಕಮಿಟಿ ಹುಡುಗ್ರಿಗೆಲ್ಲ ಹಂಚಿದಾನೆ. ದುಡ್ಡು ಮಾತ್ರ ಇನ್ನೂ ಕೊಟ್ಟಿಲ್ಲ.