ಹ್ಯಾರಿಸ್ ಮತ್ತು ಮೇಯರ್: ಒಂದೇ ಬ್ಲಾಕ್, ಎರಡು ನೀಲಿ

ಇಪ್ಪತ್ತು ಸ್ಲೈಡಿನ ರ್ಯಾಕ್ ಆಸಿಡ್ ಆಲ್ಕೋಹಾಲ್‌ನಲ್ಲಿತ್ತು, ಅಂದರೆ ಬಣ್ಣ ಬಿಡಿಸುವ, ಆಮ್ಲ ಬೆರೆತ ಆಲ್ಕೋಹಾಲ್‌ನಲ್ಲಿ. ಯಾರೋ ಬಾಗಿಲಲ್ಲಿ ನಿಂತು ಏನೋ ಕೇಳಿದರು. ಉತ್ತರ ಕೊಟ್ಟು ತಿರುಗುವಷ್ಟರಲ್ಲಿ ಅರ್ಧ ನಿಮಿಷ ದಾಟಿತ್ತು. ರ್ಯಾಕ್ ಎತ್ತಿ ನೋಡಿದರೆ ಸೆಕ್ಷನ್‌ಗಳಲ್ಲಿ (ಗಾಜಿಗೆ ಅಂಟಿಸಿದ ತೆಳು ಟಿಶ್ಯೂ, ಅಂದರೆ ಅಂಗಾಂಶದ ಚೂರುಗಳಲ್ಲಿ) ಬಣ್ಣ ಅನ್ನುವುದೇ ಇಲ್ಲ, ಮಾಸಲು ನೆರಳು ಮಾತ್ರ.

ನಷ್ಟವೇನೂ ಆಗಲಿಲ್ಲ. ತೊಳೆದು ಮತ್ತೆ ಹೆಮಟಾಕ್ಸಿಲಿನ್‌ಗೆ (ಕೋಶಗಳ ನ್ಯೂಕ್ಲಿಯಸ್‌ಗೆ, ಅಂದರೆ ಕೋಶಕೇಂದ್ರಕ್ಕೆ ನೀಲಿ ಹಿಡಿಸುವ ಬಣ್ಣಕ್ಕೆ) ಇಳಿಸಿದೆ, ಬಣ್ಣ ವಾಪಸ್ ಬಂತು. ಆದರೆ ಅವತ್ತು ಒಂದು ಪ್ರಶ್ನೆ ತಲೆಗೆ ಹೊಕ್ಕಿತು. ಬೇಕಾದ್ದಕ್ಕಿಂತ ಜಾಸ್ತಿ ಬಣ್ಣ ಹಾಕಿ, ಆಮೇಲೆ ಅದನ್ನು ತೆಗೆಯುವುದೇಕೆ? ಬೇಕಾದಷ್ಟೇ ಹಾಕಿ ನಿಲ್ಲಿಸಿದರೆ ಆಗದೇ?

ಹ್ಯಾರಿಸ್ ಮತ್ತು ಮೇಯರ್ ಎಂಬ ಎರಡು ಸೂತ್ರದ ಹೆಮಟಾಕ್ಸಿಲಿನ್ ನಡುವಿನ ಜಗಳ ಇದೇ. ಹ್ಯಾರಿಸ್‌ನಲ್ಲಿ ಮೊದಲು ಎಲ್ಲವನ್ನೂ ಗಾಢ ಮಾಡಿ, ಆಮ್ಲದಲ್ಲಿ ಅದ್ದಿ ಹೆಚ್ಚುವರಿ ಬಣ್ಣ ಬಿಡಿಸುತ್ತೇವೆ. ಮೇಯರ್‌ನಲ್ಲಿ ಬಣ್ಣ ನಿಧಾನಕ್ಕೆ ಏರುತ್ತದೆ, ಸಾಕು ಅನ್ನಿಸಿದಾಗ ಎತ್ತಿಬಿಡುತ್ತೇವೆ. ನಾನು ಕೆಲಸ ಕಲಿತದ್ದು ಹ್ಯಾರಿಸ್‌ನಲ್ಲಿ. ಮೇಯರ್ ಅಂದರೆ ಸುಮ್ನೆ ಸಪ್ಪೆ ಬಣ್ಣ ಅಂತ ಕೇಳಿದ್ದೆ, ನಂಬಿಯೂ ಇದ್ದೆ. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಯೇಬಿಡೋಣ ಅಂದುಕೊಂಡೆ.

ಪ್ರತಿ ಬಗೆಯ ಟಿಶ್ಯೂಗೂ ಒಂದೇ ಬ್ಲಾಕ್‌ನಿಂದ (ಮೇಣದಲ್ಲಿ ಹುದುಗಿಸಿದ ತುಂಡಿನಿಂದ) 4 ಮೈಕ್ರಾನ್ ಸೆಕ್ಷನ್‌ಗಳನ್ನು ಒಂದರ ಹಿಂದೆ ಒಂದು ಕತ್ತರಿಸಿದೆ. ಒಂದು ಹ್ಯಾರಿಸ್‌ಗೆ, ಮುಂದಿನದು ಮೇಯರ್‌ಗೆ. ಲಿಂಫ್ ನೋಡ್ (ದುಗ್ಧಗ್ರಂಥಿ), ಕರುಳು, ಮೂತ್ರಪಿಂಡ, ಚರ್ಮ, ಕ್ಯಾಲ್ಸಿಯಂ ತೆಗೆದ ಮೂಳೆ, ಹೀಗೆ ಐದು ಬಗೆ. ಎಲ್ಲವೂ 10% ಬಫರ್ಡ್ ಫಾರ್ಮಲಿನ್‌ನಲ್ಲಿ ಪೂರ್ತಿ ಒಂದು ದಿನ ಕೂತ ತುಂಡುಗಳು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಅರೆಬರೆ ಫಿಕ್ಸ್ ಆದ, ಅಂದರೆ ಫಾರ್ಮಲಿನ್ ಪೂರ್ತಿ ಹಿಡಿದು ಕೆಡದಂತೆ ಗಟ್ಟಿಯಾಗದ ಟಿಶ್ಯೂ ಮೇಲೆ ಸ್ಟೇನ್‌ಗಳನ್ನು ಹೋಲಿಸಿ ಪ್ರಯೋಜನವಿಲ್ಲ. ನ್ಯೂಕ್ಲಿಯಸ್ ಬಿಟ್ಟು ಉಳಿದದ್ದಕ್ಕೆ ಗುಲಾಬಿ ಹಿಡಿಸುವ ಇಯೋಸಿನ್ ಎರಡಕ್ಕೂ ಒಂದೇ ಜಾರ್‌ನದು, ನೀರು ಒಂದೇ ನಲ್ಲಿಯದು. ಹೆಸರು ಬರೆದದ್ದು ಪೆನ್ಸಿಲ್‌ನಲ್ಲಿ. ಪೆನ್ನಿನಲ್ಲಿ ಬರೆದರೆ ಆಲ್ಕೋಹಾಲ್ ಅದನ್ನು ಒರೆಸಿಹಾಕುತ್ತದೆ, ಆಮೇಲೆ ಯಾವುದು ಯಾವುದೋ!

ಬಾಟಲಿಯೊಳಗೆ ಏನಿದೆ ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹೆಮಟಾಕ್ಸಿಲಿನ್ ಬರುವುದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಲಾಗ್‌ವುಡ್ ಮರದ ತಿರುಳಿನಿಂದ. ಅದು ತಾನಾಗಿ ಬಣ್ಣ ಹಿಡಿಸುವುದಿಲ್ಲ. ಆಕ್ಸಿಡೈಸ್ ಆಗಿ ಹೆಮಟೀನ್ ಆಗಬೇಕು. ಅದನ್ನು ನ್ಯೂಕ್ಲಿಯಸ್‌ಗೆ ಅಂಟಿಸಲು ಅಲ್ಯೂಮಿನಿಯಂ ಲವಣ ಬೇಕು, ಅಂದರೆ ಪಟಿಕ. ಹ್ಯಾರಿಸ್ ಸೂತ್ರದಲ್ಲಿ ಒಂದು ಲೀಟರ್‌ಗೆ 5 ಗ್ರಾಂ ಹೆಮಟಾಕ್ಸಿಲಿನ್, 100 ಗ್ರಾಂ ಪಟಿಕ. ಮೇಯರ್‌ನಲ್ಲಿ 1 ಗ್ರಾಂ ಹೆಮಟಾಕ್ಸಿಲಿನ್, 50 ಗ್ರಾಂ ಪಟಿಕ. ಅಂದರೆ ಬಣ್ಣದ 1 ಗ್ರಾಂಗೆ ಹ್ಯಾರಿಸ್‌ನಲ್ಲಿ 20 ಗ್ರಾಂ ಪಟಿಕವಾದರೆ ಮೇಯರ್‌ನಲ್ಲಿ 50 ಗ್ರಾಂ. ಪಟಿಕ ಹೆಚ್ಚಿದಷ್ಟೂ ಬಣ್ಣ ಕೂರುವುದು ನಿಧಾನ, ಆದರೆ ನ್ಯೂಕ್ಲಿಯಸ್ ಬಿಟ್ಟು ಬೇರೆಡೆ ಕೂರುವುದೂ ಕಡಿಮೆ. ಮೇಯರ್ ಸಪ್ಪೆ ಅನ್ನುವವರು ನಿಜವಾಗಿ ನೋಡಿದ್ದು ಈ ನಿಧಾನವನ್ನು ಅಂತ ನನಗೆ ಈಗ ಅನ್ನಿಸುತ್ತದೆ. 5 ನಿಮಿಷಕ್ಕೇ ಎತ್ತಿರುತ್ತಾರೆ, ಅಷ್ಟೇ.

ತಯಾರಿಸುವುದರಲ್ಲಿ ಹ್ಯಾರಿಸ್ ಸ್ವಲ್ಪ ಹೆದರಿಸುತ್ತದೆ. ಪಟಿಕದ ಬಿಸಿನೀರಿಗೆ ಆಲ್ಕೋಹಾಲ್‌ನಲ್ಲಿ ಕರಗಿಸಿದ ಹೆಮಟಾಕ್ಸಿಲಿನ್ ಹಾಕಿ ಕುದಿಸಬೇಕು. ಉರಿಯಿಂದ ಇಳಿಸಿ ಆಕ್ಸಿಡೈಸರ್ ಸ್ವಲ್ಪಸ್ವಲ್ಪವೇ ಹಾಕಬೇಕು. ಒಮ್ಮೆಗೇ ಸುರಿದರೆ ನೊರೆ ಉಕ್ಕಿ ಮೇಜೆಲ್ಲ ನೇರಳೆ. ಆಮೇಲೆ ಫ್ಲಾಸ್ಕನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಬೇಕು. 1900ರ ಮೂಲ ಸೂತ್ರದಲ್ಲಿ ಈ ಕೆಲಸಕ್ಕೆ ಮರ್ಕ್ಯುರಿಕ್ ಆಕ್ಸೈಡ್ ಇತ್ತು. ಪಾದರಸ ವಿಷ, ಚರಂಡಿಗೆ ಬಿಡುವಂತಿಲ್ಲ. ಹಾಗಾಗಿ ಈಗ ಸೋಡಿಯಂ ಅಯೋಡೇಟ್ ಬಳಸುತ್ತೇವೆ. ಮೇಯರ್‌ಗೂ ಅದೇ ಅಯೋಡೇಟ್, ಲೀಟರ್‌ಗೆ 0.2 ಗ್ರಾಂ. ಇಲ್ಲಿ ಗಡಿಬಿಡಿ ಕಡಿಮೆ, ರಾತ್ರಿಯಿಡೀ ಕರಗಲು ಬಿಟ್ಟರೂ ನಡೆಯುತ್ತದೆ. ತೂಕ ಮಾತ್ರ ಸರಿಯಿರಬೇಕು. ಒಮ್ಮೆ ನಾನು ಅಯೋಡೇಟ್ ಅಂದಾಜಿನಲ್ಲಿ ಹಾಕಿದೆ. ಬಣ್ಣ ಅತಿಯಾಗಿ ಆಕ್ಸಿಡೈಸ್ ಆಗಿ, ಕೆಲವೇ ವಾರಗಳಲ್ಲಿ ಬಾಟಲಿ ಕಂದು ತಿರುಗಿತು.

ಈಗ ರ್ಯಾಕ್‌ನ ವಿಷಯಕ್ಕೆ ಬರೋಣ. ಹ್ಯಾರಿಸ್‌ನಲ್ಲಿ 6 ನಿಮಿಷ ಇಟ್ಟೆ. ಅದಕ್ಕೂ ಮೊದಲು ಸೋಸಿದ್ದೆ, ಏಕೆಂದರೆ ಅದರ ಮೇಲೆ ಲೋಹದಂತೆ ಹೊಳೆಯುವ ಕೆನೆ ಕಟ್ಟುತ್ತದೆ. ಸೋಸದಿದ್ದರೆ ಅದೇ ಸ್ಲೈಡಿನ ಮೇಲೆ ನೀಲಿ ಕಸವಾಗಿ ಕೂರುತ್ತದೆ. ನೀರಿನಲ್ಲಿ ತೊಳೆದು, 70% ಆಲ್ಕೋಹಾಲ್‌ನಲ್ಲಿ 1% ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ಜಾರ್‌ಗೆ ಇಳಿಸಿದೆ. ಇಲ್ಲಿಂದ ಎಲ್ಲ ಸೆಕೆಂಡುಗಳ ಲೆಕ್ಕ. ಲಿಂಫ್ ನೋಡ್‌ಗೆ 8 ಸೆಕೆಂಡ್ ಹಿಡಿಯಿತು. ಚರ್ಮಕ್ಕೆ 5 ಸಾಕಾಯಿತು. ಮೂಳೆಗೆ ಒಂದೇ ಅದ್ದು, ಅದೂ ಹೆದರಿ ಹೆದರಿ. ಐದನ್ನೂ ಒಂದೇ ರ್ಯಾಕ್‌ನಲ್ಲಿ ಒಟ್ಟಿಗೆ ಅದ್ದಿದಾಗ ಒಂದಲ್ಲ ಒಂದು ಕೆಟ್ಟೇ ಕೆಟ್ಟಿತು. ಹ್ಯಾರಿಸ್ ಬಗ್ಗೆ ನನ್ನ ದೊಡ್ಡ ತಕರಾರು ಇದು. ಒಂದೇ ಬಗೆಯ ಟಿಶ್ಯೂ ಇದ್ದರೆ ಅದು ರಾಜ. ಎಲ್ಲ ಬೆರೆತಿದ್ದರೆ ಪ್ರತಿ ಸ್ಲೈಡನ್ನೂ ತೆಗೆದು, ತೊಳೆದು, ಮೈಕ್ರೋಸ್ಕೋಪ್ ಕೆಳಗಿಟ್ಟು, ಬೇಕಿದ್ದರೆ ಮತ್ತೆ ಅದ್ದಬೇಕು. ಕೈ ಪಳಗಿದವರಿಗೆ ಇದು ಅಭ್ಯಾಸ. ಹೊಸಬರು ಒದ್ದಾಡುವುದು ಇಲ್ಲೇ.

ಮೇಯರ್‌ನಲ್ಲಿ ಈ ಹೆಜ್ಜೆಯೇ ಇಲ್ಲ. 12 ನಿಮಿಷ ಇಟ್ಟೆ, ತೊಳೆದೆ, ಕ್ಷಾರೀಯ ನೀರಿನಲ್ಲಿ ನೀಲಿ ಮಾಡಿದೆ. ಮುಗಿಯಿತು. ಒಟ್ಟು ಸಮಯ ಲೆಕ್ಕ ಹಾಕಿದರೆ ಎರಡಕ್ಕೂ ಹೆಚ್ಚುಕಡಿಮೆ ಅಷ್ಟೇ. ಆದರೆ ಆ 12 ನಿಮಿಷದಲ್ಲಿ ನಾನು ಸೆಕ್ಷನ್ ಕತ್ತರಿಸುವ ಮೈಕ್ರೋಟೋಮ್ ಹತ್ತಿರ ಕೂತು ಇನ್ನೊಂದು ಬ್ಲಾಕ್ ಟ್ರಿಮ್ ಮಾಡಿದೆ. ಹ್ಯಾರಿಸ್ ಮಾಡುವಾಗ ಸಿಂಕ್ ಬಿಟ್ಟು ಅಲ್ಲಾಡುವ ಹಾಗಿಲ್ಲ.

ಮೈಕ್ರೋಸ್ಕೋಪ್ ಕೆಳಗೆ ನೋಡಿದಾಗ ನಾನು ಅಂದುಕೊಂಡಿದ್ದು ಅರ್ಧ ಸರಿ, ಅರ್ಧ ತಪ್ಪು. ಲಿಂಫ್ ನೋಡ್‌ನಲ್ಲಿ ಹ್ಯಾರಿಸ್ ನಿಚ್ಚಳವಾಗಿ ಗೆದ್ದಿತು. ನ್ಯೂಕ್ಲಿಯಸ್‌ನ ಅಂಚು ಗೆರೆ ಎಳೆದಂತಿತ್ತು. ಪ್ಲಾಸ್ಮಾ ಕೋಶಗಳ ಕ್ರೊಮ್ಯಾಟಿನ್ (ನ್ಯೂಕ್ಲಿಯಸ್‌ನೊಳಗಿನ ಡಿಎನ್‌ಎ ಗಂಟುಗಳು) ಗಡಿಯಾರದ ಅಂಕಿಗಳ ಹಾಗೆ ಸುತ್ತಲೂ ಕೂತದ್ದು ಎಷ್ಟು ಸ್ಪಷ್ಟ ಅಂದರೆ, ಎಣಿಸಬಹುದಿತ್ತು. ಮೇಯರ್‌ನಲ್ಲೂ ಅದು ಕಾಣುತ್ತದೆ, ಆದರೆ ಮೆದುವಾಗಿ. ಮೂತ್ರಪಿಂಡದಲ್ಲಿ ವ್ಯತ್ಯಾಸ ಹುಡುಕಬೇಕಾಯಿತು. ಚರ್ಮದಲ್ಲಿ ಮೇಯರ್ ನನಗೆ ಜಾಸ್ತಿ ಹಿಡಿಸಿತು. ಕೊಲಾಜೆನ್ ಮೇಲೆ ನೀಲಿ ಮಬ್ಬಿಲ್ಲ, ಇಯೋಸಿನ್‌ನ ಗುಲಾಬಿ ಛಾಯೆಗಳು ಬೇರೆಬೇರೆಯಾಗಿ ಕಂಡವು. ಹ್ಯಾರಿಸ್ ಸ್ಲೈಡಿನಲ್ಲಿ ಆಮ್ಲ ಸ್ವಲ್ಪ ಕಡಿಮೆಯಾದ ಕಡೆ ಗುಲಾಬಿ ನೇರಳೆಗೆ ತಿರುಗಿತ್ತು.

ಮೂಳೆಯ ಮಾತೇ ಬೇರೆ. ಕ್ಯಾಲ್ಸಿಯಂ ತೆಗೆಯಲು ಆಮ್ಲದಲ್ಲಿ ಕೂತ ಟಿಶ್ಯೂ ನ್ಯೂಕ್ಲಿಯಸ್‌ನ ಬಣ್ಣ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಮೇಯರ್‌ನಲ್ಲಿ 20 ನಿಮಿಷ ಇಟ್ಟರೂ ಮೂಳೆ ಕೋಶಗಳು ಮಸುಕು. ಹ್ಯಾರಿಸ್‌ನಲ್ಲಿ 15 ನಿಮಿಷ ಇಟ್ಟು, ಆಮ್ಲ ಮುಟ್ಟಿಸಿಯೂ ಮುಟ್ಟಿಸದ ಹಾಗೆ ಎತ್ತಿದಾಗ ಓದುವಂಥ ಸ್ಲೈಡ್ ಬಂತು. ಕ್ಯಾಲ್ಸಿಯಂ ತೆಗೆಯುವ ಆಮ್ಲದಲ್ಲಿ ಇಡುವುದನ್ನೇ ಅತಿ ಮಾಡಿದ್ದರೆ ಹ್ಯಾರಿಸ್ ಕೂಡ ಕೈಚೆಲ್ಲುತ್ತದೆ ಅನ್ನುವುದು ಬೇರೆ ಮಾತು.

ನನ್ನ ಕಣ್ಣಿಗೆ ಹ್ಯಾರಿಸ್ ಅಭ್ಯಾಸವಾಗಿದೆ, ಹಾಗಾಗಿ ನನ್ನ ತೀರ್ಪನ್ನು ನಾನೇ ನಂಬಲಿಲ್ಲ. ಹೆಸರು ಮುಚ್ಚಿ, ಅಂಕಿ ಮಾತ್ರ ಹಾಕಿ, ವರದಿ ಬರೆಯುವ ಮೇಡಂ ಮುಂದೆ ಟ್ರೇ ಇಟ್ಟೆ. ಅವರು ಒಂದೊಂದಾಗಿ ನೋಡಿ, "ಎರಡೂ ಓದಬಹುದು ಕಣಮ್ಮಾ. ಆದರೆ ಈ ಗುಂಪಿನಲ್ಲಿ ಒಂದು ಸ್ಲೈಡ್ ಇದ್ದ ಹಾಗೆ ಇನ್ನೊಂದಿಲ್ಲ" ಅಂದರು. ಅವರು ತೋರಿಸಿದ ಗುಂಪು ಹ್ಯಾರಿಸ್. ಅದರಲ್ಲಿನ ಒಳ್ಳೆಯ ಸ್ಲೈಡ್ ಎಲ್ಲಕ್ಕಿಂತ ಒಳ್ಳೆಯದು, ಕೆಟ್ಟದ್ದು ಎಲ್ಲಕ್ಕಿಂತ ಕೆಟ್ಟದ್ದು. ಮೇಯರ್ ಗುಂಪು ಒಂದೇ ಸಮ. ಸ್ಲೈಡ್ ಮಾಡುವವರಿಗೆ ಮಿಂಚುವ ಒಂದು ಸ್ಲೈಡ್ ಖುಷಿ ಕೊಡುತ್ತದೆ. ದಿನವಿಡೀ ಅವನ್ನು ಓದುವವರಿಗೆ ಒಂದೇ ಸಮ ಇರುವುದು ಬೇಕು ಅಲ್ವಾ? ನಾನು ಇದನ್ನು ಯೋಚಿಸಿಯೇ ಇರಲಿಲ್ಲ.

ಇಮ್ಯುನೊ ಸ್ಟೇನಿಂಗ್ (ಆಂಟಿಬಾಡಿ ಬಳಸಿ ಬೇಕಾದ ಪ್ರೋಟೀನನ್ನು ಬಣ್ಣದಲ್ಲಿ ಗುರುತಿಸುವುದು) ಮಾಡುವವರಿಗೆ ಚರ್ಚೆಯೇ ಬೇಡ, ಮೇಯರ್ ತೆಗೆದುಕೊಳ್ಳಿ. ಅಲ್ಲಿ ಹೆಮಟಾಕ್ಸಿಲಿನ್ ಬರೀ ಹಿನ್ನೆಲೆ, ತಿಳಿಯಾಗಿರಬೇಕು. ಗಾಢವಾದರೆ ನ್ಯೂಕ್ಲಿಯಸ್‌ನೊಳಗಿನ ಕಂದು ಗುರುತು ಮುಚ್ಚಿಹೋಗುತ್ತದೆ. ಆ ಗುರುತಿಗೆ ಎಇಸಿ ಎಂಬ ಕೆಂಪು ಬಣ್ಣ ಬಳಸಿದ್ದರಂತೂ ಆಸಿಡ್ ಆಲ್ಕೋಹಾಲ್‌ನಲ್ಲಿ ಅದು ಕರಗಿಯೇ ಹೋಗುತ್ತದೆ.

ಗಿಲ್ ಎಂಬ ಇನ್ನೊಂದು ಸೂತ್ರದ ಹೆಮಟಾಕ್ಸಿಲಿನ್ ಅನ್ನೂ ಒಂದು ವಾರ ಇಟ್ಟುಕೊಂಡಿದ್ದೆ. ಬೇಗ ಹಿಡಿಯುತ್ತದೆ, ಕೆನೆಯೂ ಅಷ್ಟಾಗಿ ಕಟ್ಟುವುದಿಲ್ಲ. ಆದರೆ ಕರುಳಿನ ಗಾಬ್ಲೆಟ್ ಕೋಶಗಳ ಲೋಳೆಗೂ ನೀಲಿ ಬಳಿಯಿತು, ಸೆಕ್ಷನ್ ಅಂಟಿಸಲು ಬಳಸಿದ ಜೆಲಟಿನ್‌ಗೂ ಬಳಿಯಿತು. ಗಾಜಿನ ಮೇಲೆಲ್ಲ ನೀಲಿ ಮೋಡ. ನನಗೆ ಸರಿಹೋಗಲಿಲ್ಲ, ಬಿಟ್ಟೆ.

ನೀಲಿ ಮಾಡುವ ಹಂತದಲ್ಲಿ ಎರಡಕ್ಕೂ ಸಮಸ್ಯೆ ಒಂದೇ. ಆಮ್ಲೀಯ ದ್ರಾವಣದಿಂದ ಹೊರಬಂದಾಗ ನ್ಯೂಕ್ಲಿಯಸ್ ಕೆಂಪು ನೇರಳೆ ಇರುತ್ತದೆ. ಸ್ವಲ್ಪ ಕ್ಷಾರೀಯ ನೀರು ಸಿಕ್ಕಾಗಲೇ ಅದು ನೀಲಿ. ನಲ್ಲಿ ನೀರು ಗಡಸಾಗಿದ್ದರೆ ಅದೇ ಸಾಕು, 5 ನಿಮಿಷ ಹರಿಯಬಿಡಿ. ಮೆದುವಾಗಿದ್ದರೆ, ತುಂಬ ತಣ್ಣಗಿದ್ದರೆ ಕಾಯುತ್ತಲೇ ಇರಬೇಕು. ಅಮೋನಿಯಾ ನೀರು ಕ್ಷಣದಲ್ಲಿ ನೀಲಿ ಮಾಡಿತು, ಜೊತೆಗೆ ಎರಡು ಸೆಕ್ಷನ್‌ಗಳನ್ನು ಗಾಜಿನಿಂದ ಎಬ್ಬಿಸಿಯೂ ಬಿಟ್ಟಿತು. ಸೋಡಿಯಂ ಬೈಕಾರ್ಬೊನೇಟ್ ಮತ್ತು ಮೆಗ್ನೀಸಿಯಂ ಸಲ್ಫೇಟ್ ಹಾಕಿ ಮಾಡುವ ಸ್ಕಾಟ್ ದ್ರಾವಣದಲ್ಲಿ ಒಂದು ನಿಮಿಷ ಇಟ್ಟರೆ ಸಾಕಾಯಿತು, ಏನೂ ಏಳಲಿಲ್ಲ. ಆಮೇಲೆ ಚೆನ್ನಾಗಿ ತೊಳೆಯಲೇಬೇಕು. ಕ್ಷಾರ ಉಳಿದರೆ ಇಯೋಸಿನ್ ಸರಿಯಾಗಿ ಹಿಡಿಯುವುದಿಲ್ಲ.

ಈಗ ನನ್ನ ಮೇಜಿನ ಮೇಲೆ ಎರಡೂ ಜಾರ್ ಇವೆ. ದಿನದ ಬೆರೆತ ರ್ಯಾಕ್‌ಗಳು ಮೇಯರ್‌ಗೆ, ಮೂಳೆ ಮತ್ತು ಲಿಂಫ್ ನೋಡ್ ಹ್ಯಾರಿಸ್‌ಗೆ. ಮೇಯರ್‌ಗೆ ಒಂದು ಕಾವಲು ಬೇಕು: ಅದರಲ್ಲಿ ಬಣ್ಣವೇ ಕಡಿಮೆ ಇರುವುದರಿಂದ ಬೇಗ ಸೊರಗುತ್ತದೆ, ಸೊರಗಿದ್ದು ಜಾರ್ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೆ ಬೆಳಿಗ್ಗೆ ಬೀಕರ್‌ನಲ್ಲಿ ಹಿಡಿದ ನಲ್ಲಿನೀರಿಗೆ ಎರಡು ಹನಿ ಬಿಟ್ಟು ನೋಡುತ್ತೇನೆ. ತಕ್ಷಣ ನೀಲಿ ನೇರಳೆಯಾಗಿ ಹರಡಿದರೆ ಕೆಲಸ ಶುರು. ಕೆಂಪಾಗಿಯೋ ಕಂದಾಗಿಯೋ ಉಳಿದರೆ ಹೊಸ ಬಾಟಲಿ. ಹ್ಯಾರಿಸ್ ಮಾಡುವ ದಿನ ಇನ್ನೊಂದು ಏರ್ಪಾಡಿದೆ. ರ್ಯಾಕ್ ಆಮ್ಲಕ್ಕೆ ಇಳಿಸುವ ಮೊದಲು ಕೋಣೆಯ ಬಾಗಿಲು ಹಾಕಿಕೊಳ್ಳುತ್ತೇನೆ.