ಕಕ್ಕಬ್ಬೆ ಹತ್ತಿರದ ಕಾಡು ಕಥೆ ನಡಿಗೆ: ಮಗಳ ಜೊತೆ ಹೋಗಿ ಬಂದೆ

ನನ್ನ ಮಗಳಿಗೆ 9 ವರ್ಷ. ಶಾಲೆಯ ಇಂಗ್ಲಿಷ್ ಪಾಠದಲ್ಲಿ ಫೇರಿ ಕಥೆ ಬಂದಾಗಿನಿಂದ ಅವಳದ್ದು ಒಂದೇ ಪ್ರಶ್ನೆ. "ಅಮ್ಮಾ, ನಮ್ಮ ಕಡೆ ಫೇರಿ ಇಲ್ವಾ?"

ನಾನು ಬೆಳೆದದ್ದು ಸೋಮವಾರಪೇಟೆ ಕಡೆ. ನಮ್ಮ ಕಾಫಿ ತೋಟದ ಮೂಲೆಯಲ್ಲಿ ಒಂದು ಚೌಡಿ ಕಲ್ಲು ಇತ್ತು. ಹಣ್ಣು ಕೊಯ್ಯಲು ಶುರು ಮಾಡುವ ಮುಂಚೆ ಅಜ್ಜಿ ಅಲ್ಲಿ ಕಾಯಿ ಒಡೆದು ಬರುತ್ತಿದ್ದರು. ಆ ಕಲ್ಲಿನ ಸುತ್ತ ಯಾರೂ ಕತ್ತಿ ಆಡಿಸುತ್ತಿರಲಿಲ್ಲ. ಅಲ್ಲಿ ಬಳ್ಳಿ, ಜರಿಗಿಡ ಎಲ್ಲ ತಮ್ಮ ಪಾಡಿಗೆ ಬೆಳೆದಿದ್ದವು. ಈಗ ಆ ತೋಟ ನಮ್ಮದಲ್ಲ. ಕುಶಾಲನಗರದ ಬಾಡಿಗೆ ಮನೆಯಲ್ಲಿ ಕೂತು ಚೌಡಿ ಕಥೆ ಎಷ್ಟು ಹೇಳಿದರೂ ಮಗಳಿಗೆ ಅದು ತಲುಪಲಿಲ್ಲ. ಕಲ್ಲು ಕಾಣಬೇಕು, ಮರ ಕಾಣಬೇಕು, ಕತ್ತಲೆ ಆಗಬೇಕು. ಅದಿಲ್ಲದೆ ಆಗುವುದಿಲ್ಲ.

ಅದಕ್ಕೇ ಮೊದಲು ಒಂದು ರೆಸಾರ್ಟ್‌ಗೆ ಹೋದೆವು. ಹೆಸರು ಬೇಡ. ಫೇರಿ ಕಾಡು ಅಂತ ಬೋರ್ಡು, ತಲೆಗೆ 900 ರೂಪಾಯಿ. ಮರಗಳಿಗೆಲ್ಲ ಬಣ್ಣದ ಲೈಟು ಸುತ್ತಿದ್ದರು. ಫೈಬರ್ ಅಣಬೆಗಳು. ಬೆನ್ನಿಗೆ ರೆಕ್ಕೆ ಕಟ್ಟಿಕೊಂಡು ಫೋಟೋ ತೆಗೆಸಿಕೊಳ್ಳುವ ಜಾಗ. ಸ್ಪೀಕರ್ ಸದ್ದಿಗೆ ಒಂದು ಜೀರುಂಡೆಯೂ ಕೇಳಿಸಲಿಲ್ಲ. ಮಗಳು ಹತ್ತು ನಿಮಿಷ ಓಡಾಡಿ ಬಂದು ಕೇಳಿದಳು, "ಫೇರಿಗಳು ರಾತ್ರಿ ಇಲ್ಲೇ ಮಲಗ್ತಾರಾ?" ನಾನು ಏನು ಹೇಳಲಿ? ನನಗೆ ತುಂಬಾ ಬೇಜಾರಾಯಿತು.

ಆ ರಾತ್ರಿ ಅವಳಿಗೆ ಕಾಟಿಂಗ್ಲಿ ಊರಿನ ಕಥೆ ಹೇಳಿದೆ. ಇಂಗ್ಲೆಂಡಿನಲ್ಲಿ 1917ರಲ್ಲಿ ನಡೆದದ್ದು. ಎಲ್ಸಿ, ಫ್ರಾನ್ಸಿಸ್ ಎಂಬ ಇಬ್ಬರು ಹುಡುಗಿಯರು, ಅಕ್ಕತಂಗಿ ವರಸೆ. ಫೇರಿಗಳ ಜೊತೆ ನಿಂತ ಫೋಟೋ ತೆಗೆದರು. ಷರ್ಲಾಕ್ ಹೋಮ್ಸ್ ಕಥೆ ಬರೆದ ಕಾನನ್ ಡಾಯ್ಲ್ ಕೂಡ ಆ ಫೋಟೋಗಳನ್ನು ನಂಬಿದ. ಫೇರಿಗಳನ್ನು ಕಾಗದದಲ್ಲಿ ಕತ್ತರಿಸಿ ಟೋಪಿ ಪಿನ್ನಿನಿಂದ ನಿಲ್ಲಿಸಿದ್ದೆವು ಅಂತ ಅವರು ಒಪ್ಪಿಕೊಂಡದ್ದು ಮುದುಕಿಯರಾದ ಮೇಲೆ, 1983ರಲ್ಲಿ. ಮೊದಲ ಫೋಟೋ ತೆಗೆದಾಗ ಫ್ರಾನ್ಸಿಸ್‌ಗೂ 9 ವರ್ಷ. ಆದರೆ ಒಟ್ಟು ಐದು ಫೋಟೋಗಳಲ್ಲಿ ಕೊನೆಯದು ಮಾತ್ರ ನಿಜ ಅಂತ ಅವಳು ಕೊನೆಯವರೆಗೂ ಹೇಳುತ್ತಿದ್ದಳು. ಮಗಳಿಗೆ ಈ ಕೊನೆಯ ಮಾತು ಬಹಳ ಇಷ್ಟವಾಯಿತು. ನನಗೂ.

ಆಮೇಲೆ ಸಿಕ್ಕಿದ್ದು ಈ ನಡಿಗೆ. ಕಕ್ಕಬ್ಬೆಯಿಂದ ಒಳಗೆ, ತಡಿಯಂಡಮೋಳ್ ಬೆಟ್ಟ ಕಾಣುವ ಕಡೆ, ಒಂದು ಕೊಡವ ಕುಟುಂಬದ ಹೋಂಸ್ಟೇ. ಅವರ ಹೆಸರನ್ನೂ ಬರೆಯುತ್ತಿಲ್ಲ, ಆದರೆ ಕಾರಣ ಬೇರೆ. ವಾರಕ್ಕೆ ಎರಡೇ ಗುಂಪು ಕರೆದುಕೊಂಡು ಹೋಗುತ್ತಾರೆ. ಜಾಗದ ಗುರುತು ಹಾಕಬೇಡಿ ಅಂತ ಕೇಳಿಕೊಂಡರು. ನಾನು ಒಪ್ಪಿದೆ.

ಅಕ್ಟೋಬರ್ ಕೊನೆಯ ಶನಿವಾರ. ಸಂಜೆ 4 ಗಂಟೆಗೆ ಬೆಲ್ಲದ ಕಾಫಿ, ನೂಪುಟ್ಟು, ಜೇನುತುಪ್ಪ. ನಡಿಗೆ 5ಕ್ಕೆ ಶುರು. ಕರೆದುಕೊಂಡು ಹೋದವರು ಮನೆಯ ಹಿರಿಯರು, ಎಪ್ಪತ್ತರ ಹತ್ತಿರದವರು. ಮಗಳು ಅವರನ್ನು ಅಜ್ಜ ಅಂದಳು, ಅವರು ಇವಳನ್ನು ಕುಂಞಿ ಅಂದರು. ಇಂಬಳಕ್ಕೆ ಅಂತ ಎಲ್ಲರ ಕೈಗೂ ಒಂದೊಂದು ಉಪ್ಪಿನ ಗಂಟು ಕೊಟ್ಟರು. ಮಳೆ ಹಿಂದೆ ಸರಿದಿದ್ದರೂ ಇಂಬಳ ಸಾಕಷ್ಟಿದ್ದವು, ನೆನಪಿಡಿ.

ಏಲಕ್ಕಿ ಗಿಡಗಳ ನಡುವೆ ಅರ್ಧ ಗಂಟೆ ನಡೆದ ಮೇಲೆ ದೇವರ ಕಾಡು ಬಂತು. ಅಜ್ಜ ಅಲ್ಲೇ ನಿಂತರು. ಚಪ್ಪಲಿ ಬಿಡಿಸಿದರು. "ಇಲ್ಲಿಂದ ಮುಂದೆ ಹೋಗಲ್ಲ ಅಮ್ಮ. ಹಬ್ಬದ ದಿನ ಊರವರು ಹೋಗ್ತೀವಿ. ಸುಮ್ನೆ ನೋಡೋಕೆ ಅಂತ ಒಳಗೆ ಹೋಗಲ್ಲ."

ಗುಂಪಿನಲ್ಲಿದ್ದ ಒಬ್ಬರು, ದುಡ್ಡು ಕೊಟ್ಟಿದ್ದೀವಲ್ಲ, ಸ್ವಲ್ಪ ಒಳಗೆ ಬಿಡಿ ಅಂದರು. ಅಜ್ಜ ಸಿಟ್ಟಾಗಲಿಲ್ಲ. ದುಡ್ಡು ವಾಪಸ್ ಕೊಡ್ತೀನಿ ಅಂದರು ಅಷ್ಟೆ. ಈ ನಡಿಗೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಅಂಚಿನಲ್ಲಿ ನಿಂತು ನೋಡುವಾಗ ಆ ಕಾಡು ಇನ್ನೂ ದೊಡ್ಡದಾಗಿ ಕಂಡಿತು. ಈ ಕಡೆ ಕಾಫಿ ಗಿಡ, ನೆರಳಿಗೆ ಸಿಲ್ವರ್ ಓಕ್ ಸಾಲು. ಆ ಕಡೆ ಒಂದರ ಮೇಲೊಂದು ಬಿದ್ದ ಮರಗಳು, ಯಾರೂ ಎತ್ತದ ಸೌದೆ, ತೊಡೆ ಗಾತ್ರದ ಬಳ್ಳಿಗಳು. ನನ್ನ ಅಜ್ಜಿಯ ಚೌಡಿ ಕಲ್ಲಿನ ಸುತ್ತ ಇದ್ದದ್ದೂ ಇದೇ ಅಲ್ವಾ, ಪುಟ್ಟದಾಗಿ.

ಒಂದು ಮರದ ಬುಡದಲ್ಲಿ ಮಣ್ಣಿನ ನಾಯಿಗಳು ಕಾಣುತ್ತಿದ್ದವು. ಹತ್ತಿಪ್ಪತ್ತು ಇರಬಹುದು. ಕೆಲವಕ್ಕೆ ಕಿವಿ ಮುರಿದಿತ್ತು, ಕೆಲವು ಪಾಚಿ ಹಿಡಿದು ಹಸಿರಾಗಿದ್ದವು. ಇಲ್ಲಿನ ಅಯ್ಯಪ್ಪ ಬೇಟೆಯ ದೇವರು. ಬೇಟೆಗೆ ನಾಯಿ ಬೇಕು. ಅದಕ್ಕೇ ಹರಕೆಗೆ ಮಣ್ಣಿನ ನಾಯಿ ಒಪ್ಪಿಸುತ್ತಾರೆ. ಮಗಳು ಪಿಸುಗುಟ್ಟಿದಳು, "ರಾತ್ರಿ ಇವು ಎದ್ದು ಓಡ್ತಾವಾ ಅಜ್ಜ?" ಅವರು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. "ನಮ್ಮ ಅಪ್ಪ ಈ ದಾರೀಲಿ ರಾತ್ರಿ ಬರುವಾಗ ಬೊಗಳೋದು ಕೇಳಿದೀನಿ ಅಂತಿದ್ರು. ನಾನು ಕೇಳಿಲ್ಲ" ಅಂದರು. ಕಥೆ ಹೇಳುವವರಲ್ಲಿ ಇಷ್ಟು ಪ್ರಾಮಾಣಿಕತೆ ಅಪರೂಪ.

ಇನ್ನೊಂದು ಒಳ್ಳೆಯ ಸಂಗತಿ, ಅವರು ಯಾವುದನ್ನೂ ಕಲಸಿಬಿಡುವುದಿಲ್ಲ. ಅಯ್ಯಪ್ಪ ಬೇರೆ, ಭಗವತಿ ಬೇರೆ, ಗುಳಿಗ ಬೇರೆ, ನಾಗ ಬೇರೆ. ಮಳೆ ಬೆಳೆ ಕೊಡುವ ಪಾಡಿ ಇಗ್ಗುತ್ತಪ್ಪ ಬೇರೆ. ಒಬ್ಬೊಬ್ಬರಿಗೂ ಒಂದೊಂದು ಜಾಗ, ಒಂದೊಂದು ಕಟ್ಟಳೆ. ಕೊಡಗಿನಲ್ಲಿ ಲೆಕ್ಕಕ್ಕೆ ಸಿಕ್ಕ ದೇವರ ಕಾಡುಗಳೇ 1214. ಹೆಚ್ಚಿನವು ತೀರಾ ಚಿಕ್ಕವು. ಒತ್ತುವರಿಯಾಗಿ ಕಾಫಿ ತೋಟಕ್ಕೆ ಸೇರಿಹೋದ ಜಾಗವೂ ಬಹಳ. ಅಜ್ಜ ಇದನ್ನೂ ಮುಚ್ಚಿಡದೆ ಹೇಳಿದರು. ಎದುರಿಗಿದ್ದ ಒಂದು ತೋಟದ ಬೇಲಿ ತೋರಿಸಿ, ನಾನು ಹುಡುಗನಾಗಿದ್ದಾಗ ಕಾಡು ಅಲ್ಲೀವರೆಗೆ ಇತ್ತು ಅಂದರು.

ಕತ್ತಲಾದ ಮೇಲೆ ವಾಪಸ್ ಬರುವಾಗ ದಾರಿಯಲ್ಲಿ ದಟ್ಟವಾದ ಪರಿಮಳ. ಹಾಲೆ ಮರ ಹೂ ಬಿಟ್ಟಿತ್ತು. ಅಜ್ಜ ಪಾಲೆ ಅಂದರು. ಹಿಂದೆ ಇದರ ಹಲಗೆಯಿಂದಲೇ ಶಾಲೆ ಮಕ್ಕಳ ಸ್ಲೇಟು ಮಾಡುತ್ತಿದ್ದರು, ಸಸ್ಯಶಾಸ್ತ್ರದವರು ಸ್ಕಾಲರಿಸ್ ಅಂತ ಹೆಸರಿಟ್ಟಿದ್ದೂ ಅದಕ್ಕೇ. ಆದರೆ ರಾತ್ರಿ ಈ ಮರದ ಕೆಳಗೆ ಯಾರೂ ನಿಲ್ಲುವುದಿಲ್ಲ. ಗಡಿಯಾಚೆ ಕೇರಳದಿಂದ ಬಂದ ಯಕ್ಷಿ ಕಥೆ ಇದೆ. ಚೆಂದದ ಹೆಂಗಸಾಗಿ ಬಂದು ವೀಳ್ಯಕ್ಕೆ ಸುಣ್ಣ ಕೇಳುತ್ತಾಳೆ. ಕೈಯಿಂದ ಕೊಡಬಾರದು, ಕತ್ತಿಯ ತುದಿಯಲ್ಲಿ ಕೊಡಬೇಕು. ಕಬ್ಬಿಣ ಕಂಡರೆ ಅವಳು ಹತ್ತಿರ ಬರುವುದಿಲ್ಲ. ಮಗಳು ಥಟ್ಟನೆ, "ಫೇರಿಗೂ ಕಬ್ಬಿಣ ಆಗಲ್ಲ! ನಮ್ಮ ಮಿಸ್ ಹೇಳಿದಾರೆ" ಅಂದಳು. ನಿಜ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ ತೊಟ್ಟಿಲ ಮಗುವಿನ ಹತ್ತಿರ ಕಬ್ಬಿಣ ಇಡುತ್ತಿದ್ದರು. ನಮ್ಮಲ್ಲೂ ಬಾಣಂತಿ ದಿಂಬಿನ ಕೆಳಗೆ ಕತ್ತಿ ಇಡುತ್ತಾರೆ. ಅಜ್ಜನಿಗೆ ಇದು ಹೊಸ ವಿಷಯ. ಅವಳಿಂದ ಎರಡು ಸಲ ಹೇಳಿಸಿಕೊಂಡರು.

ನಾನೂ ಲಟೂನ್ ಕಥೆ ಹೇಳಿದೆ. ಐರ್ಲೆಂಡಿನ ಕ್ಲೇರ್ ಪ್ರಾಂತ್ಯದ ಊರು ಅದು. 1999ರಲ್ಲಿ ಹೆದ್ದಾರಿಗೆ ಅಂತ ಒಂದು ಮುಳ್ಳಿನ ಮರ ಕಡಿಯಲು ಹೊರಟಿದ್ದರು. ಅದು ಫೇರಿಗಳು ಸೇರುವ ಜಾಗ, ಕಡಿಯಬೇಡಿ ಅಂತ ಎಡ್ಡಿ ಲೆನಿಹಾನ್ ಎಂಬ ಕಥೆಗಾರರು ಹೋರಾಡಿದರು. ಕೊನೆಗೆ ಮರ ಉಳಿಸಿಕೊಂಡೇ ರಸ್ತೆ ಮಾಡಿದರು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲೂ ಜನ ಇದ್ದಾರೆ ಹಾಗಾದ್ರೆ" ಅಂದರು.

ಸರಿಯಾಗಬೇಕಾದದ್ದೂ ಇದೆ. ಎರಡು ಗಂಟೆ ಅಂತ ಹೇಳಿದ ನಡಿಗೆ ಮೂರೂವರೆ ಗಂಟೆ ಆಯಿತು, ಮಕ್ಕಳು ಹಸಿದುಬಿಟ್ಟರು. ಹೋಂಸ್ಟೇ ತಲುಪುವ ದಾರಿಯಲ್ಲಿ ಕೊನೆಯ ಎರಡು ಕಿಲೋಮೀಟರ್ ಜೀಪಲ್ಲದೆ ಹೋಗಲು ಆಗುವುದಿಲ್ಲ, ಅದನ್ನು ಬುಕ್ ಮಾಡುವಾಗಲೇ ಹೇಳಬೇಕಿತ್ತು. ನನಗೆ ನಿಜವಾಗಿ ನೋವಾದದ್ದು ಕೋಣೆಯಲ್ಲಿದ್ದ ಪರಿಚಯ ಪತ್ರ ನೋಡಿ. ಅದು ಬರೀ ಇಂಗ್ಲಿಷಿನಲ್ಲಿದೆ. ಅಯ್ಯಪ್ಪ, ಗುಳಿಗ, ಯಕ್ಷಿ ಎಲ್ಲರನ್ನೂ ಫೇರಿ ಅಂತ ಬರೆದಿದ್ದಾರೆ. ಅಜ್ಜ ಅಷ್ಟು ಜೋಪಾನವಾಗಿ ಬೇರೆ ಬೇರೆ ಇಟ್ಟದ್ದನ್ನು ಆ ಹಾಳೆ ಒಂದೇ ಮಾಡಿಬಿಟ್ಟಿದೆ. ಕನ್ನಡದಲ್ಲಿ, ಅಜ್ಜನ ಮಾತಿನಲ್ಲೇ ಬರೆಸಿ ಅಂತ ಮನೆಯ ಸೊಸೆಗೆ ಹೇಳಿ ಬಂದಿದ್ದೇನೆ. ಬರೆದುಕೊಡಲು ನಾನೂ ತಯಾರಿದ್ದೇನೆ.

ರಾತ್ರಿ ಊಟಕ್ಕೆ ಕಡಂಬುಟ್ಟು, ಅಣಬೆ ಸಾರು, ಬಿಸಿಯಾಗಿ. ಮಲಗುವಾಗ ಮಗಳ ಜೇಬಿನಿಂದ ಒಂದು ಬೀಜ ಬಿತ್ತು. ಕಂದು ಬಣ್ಣದ್ದು, ನಯವಾಗಿತ್ತು. ದೇವರ ಕಾಡಿನ ಅಂಚಿನಲ್ಲಿ ಎತ್ತಿಕೊಂಡಿದ್ದಳಂತೆ. ಅಲ್ಲಿಂದ ಒಣ ಕಡ್ಡಿಯನ್ನೂ ತರಬಾರದು ಅಂತ ಅಜ್ಜ ಹೇಳಿದ್ದರು. ಅವಳು ಅಳಲು ಶುರು ಮಾಡಿದಳು. ಬೆಳಗ್ಗೆ ನಾನೇ ಹೋಗಿ ಅಜ್ಜನಿಗೆ ಹೇಳಿದೆ. ಅವರು ಬೈಯಲಿಲ್ಲ. ಯಾವ ಕಥೆಯನ್ನೂ ಹೇಳಿ ಹೆದರಿಸಲೂ ಇಲ್ಲ. ಕೋಲು ತೆಗೆದುಕೊಂಡು, "ಬಾ ಕುಂಞಿ, ಕೊಟ್ಟು ಬರೋಣ" ಅಂದರು. ಮತ್ತೆ ಅರ್ಧ ಗಂಟೆ ಮಂಜಿನಲ್ಲಿ ನಡೆದೆವು. ಮಗಳು ಚಪ್ಪಲಿ ಬಿಟ್ಟು, ಕೈ ಚಾಚಿ, ಬೀಜವನ್ನು ಗೆರೆಯಾಚೆ ಇಟ್ಟಳು.

ನಡಿಗೆಗೆ ದೊಡ್ಡವರಿಗೆ 600, ಮಕ್ಕಳಿಗೆ 300. ಬೆಳಗಿನ ನಡಿಗೆಗೆ ಅಂತ ಕೊಡಲು ಹೋದ ದುಡ್ಡನ್ನು ಅಜ್ಜ ಮುಟ್ಟಲಿಲ್ಲ. ಪಾಲೆ ಹೂವಿನ ಪರಿಮಳ ಬೇಕು ಅಂದರೆ ಮಳೆ ಮುಗಿಯುತ್ತಿದ್ದ ಹಾಗೆ ಹೋಗಿ. ಟಾರ್ಚ್ ಒಯ್ಯಿರಿ, ಮಕ್ಕಳ ಕೈಗೆ ಚಕ್ಕುಲಿಯೋ ಬಾಳೆಹಣ್ಣೋ ಕೊಟ್ಟಿರಿ. ಹೊರಡುವ ಮುಂಚೆ ಅವರ ಜೇಬು ಒಮ್ಮೆ ನೋಡಿ.